ಪೇಟೆಗೆ ಬೆನ್ನು ಹಚ್ಚಿದ ಕೇರಿ

ಪೇಟೆಗೆ ಹತ್ತಿರದ ಮನೆ ಎಂದರೆ ಯಾವುದು ಎಂದು ಮನೆ ತೋರಿಸುವ ದಲ್ಲಾಳಿಯನ್ನು ಕೇಳಬಾರದು, ಒಬ್ಬರೇ ಇರುವ ಎಪ್ಪತ್ತೈದರ ಅಜ್ಜಿಯನ್ನು ಕೇಳಬೇಕು. ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಕರಿಬೇವು ಮುಗಿದಿದೆ ಎಂದು ಗೊತ್ತಾದರೆ ಉರಿ ಸಣ್ಣ ಮಾಡಿ, ಚಪ್ಪಲಿ ಮೆಟ್ಟಿ, ನಾಲ್ಕು ಮನೆ ದಾಟಿ, ಸೊಪ್ಪಿನವಳ ಹತ್ತಿರ ಒಂದು ಕಡ್ಡಿ ಇಸಿದುಕೊಂಡು, ಸಾರು ಮರಳುವ ಮೊದಲು ಒಳಗೆ ಬರಲು ಆಗುತ್ತದೆಯೇ? ಆಗುತ್ತದೆ ಎಂದಾದರೆ ಅದು ಪೇಟೆಗೆ ಹತ್ತಿರದ ಮನೆ. ಕಡೂರು, ತರೀಕೆರೆ, ಅಜ್ಜಂಪುರಗಳ ಹಳೆಯ ಕೇರಿಗಳಲ್ಲಿ ಇಂಥ ಮನೆಗಳು ಇನ್ನೂ ಇವೆ. ಮಕ್ಕಳು ಬೆಂಗಳೂರಿಗೆ ಕರೆದರೂ ಹೊರಡದೆ ಹಟ ಹಿಡಿದು ಕುಳಿತ ಹಿರಿಯರೂ ಅಲ್ಲಿ ಇದ್ದಾರೆ. ಹಳೆ ಮನೆಯ ಮೋಹ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಕಾಣುವುದು ಅವರ ಲೆಕ್ಕಾಚಾರ. ಹಾಲಿಗೆ, ಮಾತ್ರೆಗೆ, ಪಿಂಚಣಿಗೆ, ಪೂಜೆಯ ಹೂವಿಗೆ ಯಾರ ಸ್ಕೂಟರಿನ ಹಿಂದೆಯೂ ಕೂರಬೇಕಿಲ್ಲದ ಜಾಗವನ್ನು ಬುದ್ಧಿ ಇರುವವರು ಯಾಕೆ ಬಿಡುತ್ತಾರೆ?

ಮೂರು ಊರೂ ಚಿಕ್ಕಮಗಳೂರು ಜಿಲ್ಲೆಯವೇ, ಆದರೆ ಪೇಟೆ ಕಟ್ಟಿಕೊಂಡ ಬಗೆ ಬೇರೆ ಬೇರೆ. ಕಡೂರು ಬಯಲುಸೀಮೆಯ ಊರು, ತೆಂಗು ಮತ್ತು ರಾಗಿಯ ಊರು. 1863ರಲ್ಲಿ ಇದರ ಹೆಸರಿನಲ್ಲೇ ಜಿಲ್ಲೆಯೊಂದು ಹುಟ್ಟಿತು. ಎರಡೇ ವರ್ಷದಲ್ಲಿ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಹೋಯಿತು. ಕಡೂರು ಜಿಲ್ಲೆ ಎಂಬ ಹೆಸರು ಮಾತ್ರ 1947ರವರೆಗೆ ಉಳಿಯಿತು. ಕಚೇರಿಗಳು ಹೋದ ಮೇಲೂ ಪೇಟೆ ಬಾಡಲಿಲ್ಲ, ಏಕೆಂದರೆ 1889ರ ಹೊತ್ತಿಗೆ ಬೆಂಗಳೂರು–ಹರಿಹರದ ಮೀಟರ್‌ಗೇಜ್ ರೈಲು ಈ ಊರನ್ನು ಹಾದುಹೋಗತೊಡಗಿತ್ತು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅಲ್ಲಿಯವರೆಗೆ, ಶತಮಾನ ಮೀರಿದ ಕಾಲ, ಜಿಲ್ಲಾ ಕೇಂದ್ರದವರೇ ರೈಲು ಹತ್ತಲು ಕಡೂರಿಗೋ ಪಕ್ಕದ ಬೀರೂರಿಗೋ ಇಳಿದು ಬರಬೇಕಿತ್ತು. ರೈಲಿಗೆ ಕಾಯುವವನು ಕಾಫಿ ಕುಡಿಯುತ್ತಾನೆ, ಬಾಳೆಹಣ್ಣು ಕೊಳ್ಳುತ್ತಾನೆ, ಮಳೆ ಬಂದರೆ ಕೊಡೆ ಕೊಳ್ಳುತ್ತಾನೆ.

ತರೀಕೆರೆ ಪಾಳೆಯಗಾರರ ಊರು. ನಾಲಿಗೆ ತಿರುಚುವ ಆಟದ ಮಾತಿನಿಂದಾಗಿ ಅದರ ಕೆರೆ ಏರಿಯನ್ನು ಕಣ್ಣಿಂದ ನೋಡದವರಿಗೂ ಬಾಯಿಪಾಠ ಗೊತ್ತಿದೆ. ಬಯಲು ಮುಗಿದು ಮಲೆನಾಡು ಶುರುವಾಗುವ ಬಾಗಿಲಲ್ಲಿ ಊರು ನಿಂತಿದೆ. ಒಂದು ಕಡೆಯಿಂದ ರಾಗಿ, ಜೋಳ, ಇನ್ನೊಂದು ಕಡೆಯಿಂದ ಅಡಿಕೆ, ಮೆಣಸು ಇಳಿಯುವ ಜಾಗ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಹಾಕಿದ ರೈಲು ಮಾರ್ಗ ತರೀಕೆರೆಯ ಮೇಲೆ ಹೋಯಿತು. ಒಂದು ಕಾಲಕ್ಕೆ ಇಲ್ಲಿಂದ ನರಸಿಂಹರಾಜಪುರಕ್ಕೆ ಕಿರುಗೇಜಿನ ಪುಟ್ಟ ರೈಲು ಕೂಡ ಓಡುತ್ತಿತ್ತು. ಅಜ್ಜಂಪುರ ಇವೆರಡಕ್ಕಿಂತ ಸಣ್ಣದು. ಅಮೃತಮಹಲ್ ದನಗಳ ತಳಿ ಕೇಂದ್ರದಿಂದ ಹೆಸರಾದ ಊರು, ಈರುಳ್ಳಿ, ಆಲೂಗಡ್ಡೆ ಬೆಳೆಯುವ ಸೀಮೆ, ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲಿನ ನಿಲ್ದಾಣ. ಬಹುಕಾಲ ತರೀಕೆರೆ ತಾಲ್ಲೂಕಿಗೇ ಸೇರಿದ್ದರಿಂದ ಪಹಣಿ, ನೋಂದಣಿಯಂಥ ಕೆಲಸಕ್ಕೆ ಜನ ತರೀಕೆರೆಗೆ ಹೋಗುತ್ತಿದ್ದರು. ಬಟ್ಟೆ, ಬಂಗಾರ, ಬಿತ್ತನೆ ಬೀಜಕ್ಕೆ ಸುತ್ತಿನ ಹಳ್ಳಿಯವರಿಗೆ ಅಜ್ಜಂಪುರವೇ ಪೇಟೆ.

ಇಷ್ಟನ್ನು ವಿವರವಾಗಿ ಹೇಳಲು ಕಾರಣವಿದೆ. ಈ ಊರುಗಳಲ್ಲಿ ಇರುವಷ್ಟು ಅಂಗಡಿಗಳು ಊರವರ ವ್ಯಾಪಾರವೊಂದರಿಂದಲೇ ಬದುಕಲಾರವು. ಅವನ್ನು ಬದುಕಿಸುವವರು ಯಗಟಿ, ಸಿಂಗಟಗೆರೆ, ಲಕ್ಕವಳ್ಳಿ, ಶಿವನಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವ ಹಳ್ಳಿಯ ಜನ. ಕೊಬ್ಬರಿ ಮಾರಿದ ದುಡ್ಡು, ಈರುಳ್ಳಿಯ ದುಡ್ಡು, ಕೂಲಿಯ ದುಡ್ಡು ಆ ಬೀದಿಯಲ್ಲಿ ಕೈಬದಲಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಟಿಕೆಟ್ಟಿನ ದುಡ್ಡು ಉಳಿಸಿ ತಾವೇ ಬಂದು, ನೋಡಿ, ಚೌಕಾಸಿ ಮಾಡಿ ಕೊಳ್ಳುವುದು ಸುಲಭವಾಗಿದೆ. ಹೀಗೆ ಹಳ್ಳಿಗರಿಗಾಗಿ ತೆರೆದ ಅಂಗಡಿಯ ಫಲವನ್ನು ಬೀದಿಯ ಹಿಂದಿನ ಕೇರಿಯವರು ವರ್ಷವಿಡೀ ಉಣ್ಣುತ್ತಾರೆ. ಔಷಧಿ ಅಂಗಡಿ ರಾತ್ರಿಯವರೆಗೆ ತೆರೆದಿರುವುದು, ಹೊಲಿಗೆಯವರು, ಗಡಿಯಾರ ರಿಪೇರಿಯವರು, ಗ್ರಂಧಿಗೆ ಅಂಗಡಿಯವರು ಕೂಗಳತೆಯಲ್ಲಿ ಇರುವುದು ಇದೇ ಕಾರಣಕ್ಕೆ. ಕೇರಿಯಲ್ಲಿ ಇರುವವರಿಗೂ ಈ ಋಣ ನೆನಪಿಗೆ ಬರುವುದು ಕಡಿಮೆ.

ಈಗ ಕೇರಿಯೊಳಗೆ ಬರೋಣ. ಇಂಥ ಕೇರಿಯಲ್ಲಿ ಬೆಳಗು ಆಗುವುದು ಹಾಲಿನ ಪಾಕೆಟ್ಟಿನ ಕ್ರೇಟುಗಳ ಸದ್ದಿನಿಂದ. ಅದರ ಹಿಂದೆಯೇ ಮೊಳ ಹಾಕಿ ಹೂವು ಮಾರುವವರು, ಪೇಪರ್ ಎಸೆಯುವ ಹುಡುಗರು, ಸೊಪ್ಪಿನ ಬುಟ್ಟಿ. ಒಂಬತ್ತರ ಹೊತ್ತಿಗೆ ಹಿಟ್ಟಿನ ಗಿರಣಿ ಶುರುವಾದರೆ ರಾಗಿ ಹಿಟ್ಟಿನ ಬಿಸಿ ವಾಸನೆ ಎರಡು ಅಡ್ಡರಸ್ತೆಯವರೆಗೆ ಹರಡುತ್ತದೆ. ಕಾಫಿ ಬೆಳೆಯುವ ಜಿಲ್ಲೆಯಾದ್ದರಿಂದ ಕಾಫಿಪುಡಿ ಅಂಗಡಿಯ ಮುಂದೆ ಚಿಕೋರಿ ಎಷ್ಟು ಬೆರೆಸಬೇಕು ಎಂಬ ಚರ್ಚೆ ಇದ್ದದ್ದೇ. ಆ ಅಂಗಡಿಯವರಿಗೆ ಯಾವ ಮನೆಗೆ ಯಾವ ಹದ ಎಂಬುದು ಬರೆದಿಟ್ಟುಕೊಳ್ಳದೆ ಗೊತ್ತು. ದಿನಸಿ ಅಂಗಡಿಗೆ ಮಗುವಿನ ಕೈಯಲ್ಲಿ ಚೀಟಿ ಕೊಟ್ಟು ಕಳಿಸಬಹುದು. “ದುಡ್ಡು ಅಪ್ಪ ಆಮೇಲೆ ಕೊಡ್ತಾರಂತೆ” ಎಂದರೆ ಸಾಕು, ಪುಸ್ತಕದಲ್ಲಿ ಸಾಲು ಏರುತ್ತದೆ. ಫೋನಿನಲ್ಲಿ ದುಡ್ಡು ಕಳಿಸುವ ಕಾಲ ಬಂದ ಮೇಲೂ ತಿಂಗಳ ಲೆಕ್ಕದ ಪುಸ್ತಕ ಹಲವು ಅಂಗಡಿಗಳಲ್ಲಿ ಉಳಿದಿದೆ. ಸಂಬಳ ತಡವಾದ ತಿಂಗಳು, ಅಡಿಕೆ ಮಾರದೆ ಕಾದಿರುವ ತಿಂಗಳು, ಆಸ್ಪತ್ರೆಗೆ ಖರ್ಚಾದ ತಿಂಗಳು, ಇವನ್ನೆಲ್ಲ ಆ ಪುಸ್ತಕವೇ ದಾಟಿಸುತ್ತದೆ. ಬ್ಯಾಂಕು ಕೇಳುವ ಕಾಗದಗಳನ್ನು ಅಂಗಡಿಯ ಶೆಟ್ಟರು ಕೇಳುವುದಿಲ್ಲ, ಮುಖ ನೋಡುತ್ತಾರೆ.

ನನ್ನ ಸೋದರತ್ತೆ ಇದ್ದದ್ದು ಇಂಥದೇ ಒಂದು ಕೇರಿಯಲ್ಲಿ. ಅವರ ಮನೆಯ ಬೀಗದಕೈ ಎದುರಿನ ಪಾತ್ರೆ ಅಂಗಡಿಯಲ್ಲಿ ಇರುತ್ತಿತ್ತು. ಊರಿಗೆ ಹೋದವರು ಬರುವ ಹೊತ್ತು, ಗ್ಯಾಸಿನವನು ಬಂದು ಹೋದದ್ದು, ಅಂಚೆಯವನು ಕೊಟ್ಟ ಕಾಗದ ಎಲ್ಲವೂ ಆ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಜಮೆಯಾಗುತ್ತಿದ್ದವು. ಒಂದು ದಿನ ಎಂಟು ಗಂಟೆಯಾದರೂ ಬಾಗಿಲು ತೆಗೆಯದಿದ್ದಾಗ ಬಂದು ತಟ್ಟಿದವರು ಆ ಅಂಗಡಿಯವರೇ: “ಅಮ್ಮಾ, ಹುಷಾರಿದ್ದೀರಾ?” ಅತ್ತೆಗೆ ಜ್ವರ ಬಂದಿತ್ತು, ಅಷ್ಟೇ. ಆದರೆ ಯಾರೋ ಗಮನಿಸಿದರು ಎಂಬುದೇ ಅವರಿಗೆ ಎಷ್ಟೋ ವರ್ಷ ಹೇಳಿಕೊಳ್ಳುವ ಮಾತಾಯಿತು. ನ್ಯೂಯಾರ್ಕಿನಲ್ಲಿದ್ದ ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಪುಸ್ತಕ ಬರೆದಾಗ ಅಂಗಡಿ ಮತ್ತು ಮನೆ ಬೆರೆತ ಬೀದಿಯಲ್ಲಿ ಸದಾ ಯಾರದಾದರೂ ಕಣ್ಣು ಇರುತ್ತದೆ, ಆ ಕಣ್ಣುಗಳೇ ಬೀದಿಯ ಕಾವಲು ಎಂದು ವಾದಿಸಿದ್ದರು. ಅಂಗಡಿ ಒಂದು ಕಡೆ, ಮನೆ ಒಂದು ಕಡೆ ಎಂದು ಗೆರೆ ಕೊರೆದ ನಗರ ಯೋಜಕರ ವಿರುದ್ಧ ಅವರ ಜಗಳ. ಕಾಕತಾಳೀಯವಾಗಿ ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ 1961ರದ್ದೇ. ವಸತಿ ವಲಯ, ವಾಣಿಜ್ಯ ವಲಯ ಎಂದು ನಕ್ಷೆಗೆ ಬಣ್ಣ ಬಳಿಯುವ ಪದ್ಧತಿ ನಮ್ಮ ಸಣ್ಣ ಊರುಗಳಿಗೂ ಬಂದದ್ದು ಆ ದಾರಿಯಲ್ಲೇ.

ಹಳೆ ಮನೆಗಳ ಕಟ್ಟಡವೂ ಅಂಗಡಿ–ಮನೆಯ ಈ ಬೆರಕೆಗೆ ಒಗ್ಗಿದೆ. ಬೀದಿಗೆ ಅಂಟಿದ ಜಗಲಿ, ಜಗಲಿಯ ಮೇಲೆ ಮರದ ಕಂಬ, ಒಳಗೆ ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಿಲು. ಅಗಲ ಕಡಿಮೆ, ಉದ್ದ ಜಾಸ್ತಿ. ಬೀದಿಗೆ ಮುಖ ಇರುವ ಜಾಗಕ್ಕೆ ಬೆಲೆ ಇದ್ದದ್ದರಿಂದ ಎಲ್ಲರಿಗೂ ಸ್ವಲ್ಪ ಸ್ವಲ್ಪ ಮುಖ ಸಿಗಲೆಂದು ಮನೆಗಳು ಹಿಂದಕ್ಕೆ ಬೆಳೆದವು. ಗೋಡೆಗೆ ಗೋಡೆ ಅಂಟಿರುವುದರಿಂದ ಬೆಳಕು ಬರಬೇಕಾದದ್ದು ಮೇಲಿಂದ. ಮಾಡಿನ ಹೆಂಚಿನ ನಡುವೆ ಕೂರಿಸಿದ ಗಾಜಿನ ಹೆಂಚು ಆ ಕೆಲಸ ಮಾಡುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಶುರುಮಾಡಿದ ಹೆಂಚಿನ ಉದ್ಯಮ ಘಟ್ಟ ಹತ್ತಿ ಬಂದು ನಾಡಹೆಂಚನ್ನು ಹಿಂದೆ ಹಾಕಿದ್ದನ್ನು ಈ ಸಾಲುಮನೆಗಳ ಮೇಲೆ ಇನ್ನೂ ನೋಡಬಹುದು. ಮುಂದಿನ ಕೋಣೆ ಅಂಗಡಿಯಾದರೆ ಹಲಗೆ ಬಾಗಿಲು. ಒಂದೊಂದೇ ಹಲಗೆ ತೆಗೆದು ಗೋಡೆಗೆ ಒರಗಿಸಿದರೆ ವ್ಯಾಪಾರ ಶುರು. ಅಂಗಡಿಯಲ್ಲಿ ಕುಳಿತ ಗಂಡನಿಗೆ ಒಳಗಿನ ಕುಕ್ಕರಿನ ಕೂಗು ಕೇಳುತ್ತದೆ. ಅವರು ಊಟಕ್ಕೆ ಎದ್ದರೆ ಹೆಂಡತಿ ತಕ್ಕಡಿ ಹಿಡಿಯುತ್ತಾರೆ. ಈ ಊರುಗಳಲ್ಲಿ ವ್ಯಾಪಾರ ಕಲಿತ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಹೀಗೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಲಿತವರು.

ಈ ಕೇರಿಗಳನ್ನು ಸ್ವರ್ಗ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಗಾಳಿ ಬೆಳಕಿಲ್ಲದ ಒತ್ತೊತ್ತು ಪೇಟೆಗಳಲ್ಲಿ ಪ್ಲೇಗು ಹೇಗೆ ಹಬ್ಬುತ್ತದೆ ಎಂಬುದನ್ನು ಮೈಸೂರು ಸಂಸ್ಥಾನ 1898ರಲ್ಲಿ ಕಂಡಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಆ ಭಯದ ಕಾಲದಲ್ಲಿ ರೂಪುಗೊಂಡ ಬಡಾವಣೆಗಳು. ಅಗಲ ರಸ್ತೆ, ಮನೆಯ ಸುತ್ತ ಖಾಲಿ ಜಾಗ ಬೇಕೆಂಬ ಆಸೆ ಅಲ್ಲಿಂದ ಬಂದದ್ದು, ಅದರಲ್ಲಿ ತಪ್ಪೇನೂ ಇಲ್ಲ. ಇವತ್ತಿಗೂ ಹಳೆ ಕೇರಿಗಳ ಚರಂಡಿ ಮಳೆಗಾಲದಲ್ಲಿ ಉಕ್ಕುತ್ತದೆ. ಆಸ್ತಿ ಪಾಲಾಗಿ ಒಂದು ಮನೆ ಮೂರಾದಾಗ ನಡುಮನೆಯಲ್ಲಿ ಗೋಡೆ ಏಳುತ್ತದೆ, ಗಾಜಿನ ಹೆಂಚಿನ ಬೆಳಕು ಯಾರದೋ ಪಾಲಿಗೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕೇರಿ ಎಂದರೆ ಜಾತಿಯ ಕೇರಿ. ಪೇಟೆ ಬೀದಿಗೆ ತಾಗಿದ ಸಾಲುಗಳು ಯಾರ ಪಾಲಿಗೆ ಬಂದವು, ಊರಾಚೆಯ ಸಾಲುಗಳು ಯಾರ ಪಾಲಿಗೆ ಉಳಿದವು ಎಂದು ಕೇಳಿದರೆ ನಮ್ಮ ಯಾವ ಹಳೆ ಊರೂ ತಲೆ ಎತ್ತಿ ಉತ್ತರ ಹೇಳಲಾರದು. ಅಂಗಡಿಯ ಹತ್ತಿರ ಇರುವುದೂ ಒಂದು ಸವಲತ್ತು, ಅದನ್ನು ಹುಟ್ಟು ನೋಡಿ ಹಂಚಲಾಗಿತ್ತು. ಇವತ್ತು ಕಾನೂನು ಹಾಗೆ ಹೇಳುವುದಿಲ್ಲ. ಆದರೆ ಬಾಡಿಗೆಗೆ ಮನೆ ಕೇಳಲು ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ ಬಹಳ ಸಲ “ನೀವು ಯಾವ ಜನ?” ಎಂಬುದೇ. ಹಳೆ ಕೇರಿಯ ಆಪ್ತತೆಯನ್ನು ಹೊಗಳುವ ನಾವು ಅದರ ಬಾಗಿಲು ಎಲ್ಲರಿಗೂ ತೆರೆಯುವ ಮಾತನ್ನೂ ಅಷ್ಟೇ ಗಟ್ಟಿಯಾಗಿ ಆಡಬೇಕು. ಹಿರಿಯರು ತೀರಿಕೊಂಡು ಬೀಗ ಬಿದ್ದ ಮನೆಗಳು ಈಗ ಕೇರಿಗಳಲ್ಲಿ ಸಾಕಷ್ಟಿವೆ. ಅವು ಯಾರಿಗೆ ಬಾಡಿಗೆಗೆ ಹೋಗುತ್ತವೆ ಎಂಬುದರಲ್ಲಿ ಕೇರಿಯ ಮುಂದಿನ ಆಯುಷ್ಯ ಇದೆ.

ಊರಾಚೆ ಬೆಳೆದ ಲೇಔಟ್‌ಗಳನ್ನು ನೋಡಿ. ತೋಟವೋ ಹೊಲವೋ ಇದ್ದ ಜಾಗದಲ್ಲಿ ಮೂವತ್ತು–ನಲವತ್ತರ ಸೈಟುಗಳು, ಅಗಲ ರಸ್ತೆ, ಮನೆ ಮುಂದೆ ಕಾರು ನಿಲ್ಲಿಸುವ ಜಾಗ. ಮನೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಕೊತ್ತಂಬರಿ ಸೊಪ್ಪಿಗೂ ಸ್ಕೂಟರ್ ತೆಗೆಯಬೇಕು. ಸ್ಕೂಟರ್ ಓಡಿಸಲು ಬಾರದವರು, ಅಂದರೆ ಮಕ್ಕಳು, ವಯಸ್ಸಾದವರು, ಬಹಳಷ್ಟು ಗೃಹಿಣಿಯರು ಇನ್ನೊಬ್ಬರ ಬಿಡುವಿಗಾಗಿ ಕಾಯಬೇಕು. ಮೂಲೆಯಲ್ಲೊಂದು ಅಂಗಡಿಗೆ ಜಾಗ ಬಿಟ್ಟರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಜಾಗ ಬಿಡಬೇಕು ನಿಜ, ಆದರೆ ಅಷ್ಟೇ ಸಾಲದು. ಹಳ್ಳಿಯ ಗಿರಾಕಿ ಬಾರದ ಜಾಗದಲ್ಲಿ ನೂರು ಮನೆಯ ವ್ಯಾಪಾರ ನಂಬಿ ಬಾಗಿಲು ತೆರೆದವನು ಬಿಸ್ಕತ್ತು, ಸೋಪು, ಚಿಪ್ಸು ಇಟ್ಟುಕೊಳ್ಳಬಲ್ಲ, ಪೇಟೆ ಕಟ್ಟಲಾರ.

ಆಗ ಪ್ಯಾರಿಸ್ ನಗರದ ಮೇಯರ್ ಆಗಿದ್ದ ಆ್ಯನ್ ಇಡಾಲ್ಗೊ 2020ರ ಚುನಾವಣೆಯಲ್ಲಿ ಹದಿನೈದು ನಿಮಿಷದ ನಗರ ಎಂಬ ಮಾತನ್ನು ಮುಂದಿಟ್ಟರು. ಕಾರ್ಲೋಸ್ ಮೊರೆನೊ ಎಂಬ ಪ್ರಾಧ್ಯಾಪಕರು ರೂಪಿಸಿದ ವಿಚಾರ ಅದು: ಅಂಗಡಿ, ಶಾಲೆ, ಆಸ್ಪತ್ರೆ, ಉದ್ಯಾನ ಎಲ್ಲವೂ ಮನೆಯಿಂದ ಹದಿನೈದು ನಿಮಿಷದ ನಡಿಗೆ ಅಥವಾ ಸೈಕಲ್ಲಿನ ದೂರದಲ್ಲಿ ಇರಬೇಕು. ಪ್ಯಾರಿಸ್ಸಿನಂಥ ನಗರ ಕಷ್ಟಪಟ್ಟು ಗಳಿಸಲು ಹೊರಟಿರುವುದು ತರೀಕೆರೆಯ ಕೇರಿಯಲ್ಲಿ ಆಗಲೇ ಇದೆ. ಅದನ್ನು ಕಳೆಯದೆ ಇಟ್ಟುಕೊಳ್ಳುವ ಕೆಲಸ ಮಾತ್ರ ನಮ್ಮದು.

ಕಳೆದುಕೊಳ್ಳುವ ದಾರಿಗಳು ಹಲವು. ಬೆಂಗಳೂರು–ಹೊನ್ನಾವರದ ಹಳೆಯ ರಸ್ತೆ, ಜನರ ಬಾಯಲ್ಲಿ ಬಿ.ಎಚ್. ರಸ್ತೆ, ಕಡೂರು ಮತ್ತು ತರೀಕೆರೆ ಎರಡರ ಹೊಟ್ಟೆಯೊಳಗಿಂದಲೇ ಹೋಗುತ್ತದೆ. ಲಾರಿಗಳು ಊರು ಸುತ್ತಿ ಹೊರಗಿಂದ ಹೋದರೆ ಕೇರಿಯವರಿಗೆ ಹೊಗೆ, ಹಾರ್ನು ಕಡಿಮೆಯಾಗುತ್ತದೆ, ಶಾಲೆಯ ಮಕ್ಕಳು ಭಯವಿಲ್ಲದೆ ರಸ್ತೆ ದಾಟುತ್ತಾರೆ. ಆ ಮಟ್ಟಿಗೆ ಬೈಪಾಸು ಒಳ್ಳೆಯದೇ. ಕೆಡುವುದು ಲಾರಿಯ ಹಿಂದೆ ಬಸ್ ನಿಲ್ದಾಣವೂ, ಅದರ ಹಿಂದೆ ಸಂತೆಯೂ, ಅದರ ಹಿಂದೆ ಕಚೇರಿಗಳೂ ಹೊರಟಾಗ. ಹಳ್ಳಿಯವರು ಇಳಿಯುವ ಜಾಗ ಎರಡು ಮೈಲಿ ಆಚೆ ಹೋದರೆ ಪಾತ್ರೆ ಅಂಗಡಿ ಅಲ್ಲಿಗೆ ಹೋಗುತ್ತದೆ, ಔಷಧಿ ಅಂಗಡಿ ಹೋಗುತ್ತದೆ, ಕೊನೆಗೆ ಸೊಪ್ಪಿನವಳೂ ಹೋಗುತ್ತಾಳೆ. ಅಜ್ಜಿ ಮಾತ್ರ ಇಲ್ಲೇ ಉಳಿಯುತ್ತಾರೆ. ಪೇಟೆ ಬೀದಿ ಅಗಲ ಮಾಡುತ್ತೇವೆಂದು ಜಗಲಿ ಒಡೆಯುವುದಕ್ಕೂ ನನ್ನ ವಿರೋಧವಿದೆ. ಅಗಲವಾದಷ್ಟೂ ಕಾರುಗಳು ಬಂದು ನಿಲ್ಲುತ್ತವೆ, ನಡೆಯುವವರಿಗೆ ಇದ್ದ ಅಂಚೂ ಹೋಗುತ್ತದೆ. ದುಡ್ಡಿದ್ದರೆ ಮೊದಲು ಚರಂಡಿಗೆ ಚಪ್ಪಡಿ ಹಾಕಲಿ, ಅದರ ಮೇಲೆ ನಡೆಯಲು ಬರುವಂತೆ ಮಾಡಲಿ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಸೊಪ್ಪಿನ ಬುಟ್ಟಿ ಎಲ್ಲಿ ಕೂರಬೇಕು ಎಂಬ ತೀರ್ಮಾನ ಆ ಬುಟ್ಟಿ ಹೊತ್ತವರನ್ನು ಕೇಳಿಯೇ ಆಗಲಿ.

ಕಚೇರಿಗಳು ಪೇಟೆಯಿಂದ ದೂರ ಹೋಗದಂತೆ ನೋಡಿಕೊಳ್ಳುವುದು ಅತ್ಯಂತ ತುರ್ತಾಗಿರುವುದು ಅಜ್ಜಂಪುರಕ್ಕೆ. 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ತಾಲ್ಲೂಕು ಎಂದ ಮೇಲೆ ಒಂದರ ಹಿಂದೊಂದು ಕಚೇರಿಗಳು, ಅವಕ್ಕೆ ಕಟ್ಟಡಗಳು. ಸರ್ಕಾರಿ ಜಾಗ ಸಿಕ್ಕುವುದು, ನೆಲದ ಬೆಲೆ ಕಡಿಮೆ ಇರುವುದು ಸಾಮಾನ್ಯವಾಗಿ ಊರಾಚೆ, ಆದ್ದರಿಂದ ಹಾಗೆ ಹೊರಗೆ ಕಟ್ಟಿಬಿಡುವ ಅಭ್ಯಾಸ ನಮ್ಮ ಇಲಾಖೆಗಳಿಗಿದೆ. ಪಹಣಿ ತಿದ್ದಿಸಲು ಶಿವನಿಯಿಂದ ಬಂದ ರೈತ ಕಚೇರಿಯ ಕೆಲಸ ಮುಗಿಸಿ, ನಡೆದೇ ಪೇಟೆಗೆ ಬಂದು, ಬಿತ್ತನೆ ಬೀಜ ಕೊಂಡು, ಮಗಳಿಗೆ ಬಳೆ ಆರಿಸಿ, ಕಾಫಿ ಕುಡಿದು ಬಸ್ಸು ಹತ್ತುವಂತಿರಬೇಕು. ಜಾಗ ಗುರುತಿಸುವ ಸಭೆಗಳಲ್ಲಿ ಎಕರೆಯ ಬೆಲೆಯ ಜೊತೆಗೆ ಈ ನಡಿಗೆಯ ದೂರವನ್ನೂ ಒಂದು ಅಂಕಿಯಾಗಿ ಬರೆಯಲಿ, ಆ ಸಭೆಗೆ ಪೇಟೆ ಬೀದಿಯ ಅಂಗಡಿಯವರನ್ನೂ ಹಿಂದಿನ ಕೇರಿಯವರನ್ನೂ ಕರೆಯಲಿ.