ಬೇಸ್ ಕ್ಯಾಂಪಿಗೆ ಬಂದ ಮಗಳು

ಎವರೆಸ್ಟ್ ಏರಲು ಹೊರಟವರ ತಯಾರಿ ಎಂದರೆ ಜಿಮ್, ತರಬೇತುದಾರ, ಕೈತುಂಬ ದುಡ್ಡು ಕೊಡುವ ಪ್ರಾಯೋಜಕರು ನೆನಪಾಗುತ್ತಾರೆ. ಆದರೆ ನೇಪಾಳದ ಪರ್ವತಾರೋಹಿ ಲ್ಹಾಕ್ಪಾ ಶೆರ್ಪಾ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಅಂಗಡಿಯೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಡಿಗೆಯೇ ಅವರ ವ್ಯಾಯಾಮ. 2022ರ ಎವರೆಸ್ಟ್ ಆರೋಹಣಕ್ಕೆ ಹಣ ಕೂಡಿದ್ದು ಸಾರ್ವಜನಿಕರ ದೇಣಿಗೆಯಿಂದ. ಆದರೆ ಹಣದಿಂದ ಸಿಗದ ಒಂದು ಬಲ ಆ ಸಲ ಅವರ ಜೊತೆಗಿತ್ತು. ಇನ್ನೂ ಶಾಲೆಯಲ್ಲಿ ಓದುತ್ತಿದ್ದ ಕಿರಿಯ ಮಗಳು ಅಮ್ಮನ ಜೊತೆ ಬೇಸ್ ಕ್ಯಾಂಪಿನವರೆಗೂ ನಡೆದು ಬಂದಿದ್ದಳು.

ಲ್ಹಾಕ್ಪಾ ಸ್ವತಃ ಶಾಲೆ ಕಲಿತವರಲ್ಲ. ನೇಪಾಳದ ಮಕಾಲು ಸೀಮೆಯ ಹಳ್ಳಿಯಲ್ಲಿ ಹನ್ನೊಂದು ಮಕ್ಕಳ ಮನೆ. ಓದು ಗಂಡುಮಕ್ಕಳಿಗೆ ಮಾತ್ರ. ತಮ್ಮನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಮುಟ್ಟಿಸುತ್ತಿದ್ದ ಹುಡುಗಿಗೆ ಒಳಗೆ ಕೂರುವ ಅವಕಾಶವಿರಲಿಲ್ಲ. ಮುಂದೆ ಕೂಲಿಯಾಗಿ ಹೊರೆ ಹೊತ್ತು, 2000ದಲ್ಲಿ ಎವರೆಸ್ಟ್ ಏರಿ ಜೀವಸಹಿತ ಇಳಿದ ಮೊದಲ ನೇಪಾಳಿ ಮಹಿಳೆಯಾದರು. 1993ರಲ್ಲಿ ಶಿಖರ ಮುಟ್ಟಿದ್ದ ಪಸಾಂಗ್ ಲ್ಹಾಮು ಇಳಿಯುವ ದಾರಿಯಲ್ಲೇ ತೀರಿಕೊಂಡಿದ್ದರು. ಅಮೆರಿಕಕ್ಕೆ ಹೋದ ಮೇಲೆ ಲ್ಹಾಕ್ಪಾ ದಾಂಪತ್ಯದಲ್ಲಿ ಏಟು ತಿಂದು, ಹೆಣ್ಣುಮಕ್ಕಳಿಬ್ಬರನ್ನು ಕರೆದುಕೊಂಡು ಆಶ್ರಯಧಾಮ ಸೇರಿದ್ದೂ ಉಂಟು.

ಪರ್ವತಾರೋಹಿ ಹೆಣ್ಣು ತಾಯಿಯೂ ಆಗಿದ್ದರೆ ಲೋಕ ಕೇಳುವ ಪ್ರಶ್ನೆ ಒಂದೇ: ಮಕ್ಕಳ ಗತಿಯೇನು? 1995ರಲ್ಲಿ ಆಮ್ಲಜನಕದ ಸಿಲಿಂಡರಿಲ್ಲದೆ ಎವರೆಸ್ಟ್ ಏರಿದ ಬ್ರಿಟನ್ನಿನ ಆಲಿಸನ್ ಹಾರ್ಗ್ರೀವ್ಸ್, ಮೂರೇ ತಿಂಗಳಲ್ಲಿ ಕೆ2 ಪರ್ವತದಲ್ಲಿ ಮಡಿದರು. ಇಬ್ಬರು ಎಳೆಯ ಮಕ್ಕಳನ್ನು ಬಿಟ್ಟು ಹೋದದ್ದಕ್ಕೆ ಬ್ರಿಟನ್ನಿನ ಪತ್ರಿಕೆಗಳು ಸತ್ತವಳನ್ನೂ ಬಿಡದೆ ಟೀಕಿಸಿದವು. ಬೆಟ್ಟದಲ್ಲಿ ಪ್ರಾಣ ಬಿಟ್ಟ ಅಪ್ಪಂದಿರನ್ನು ಹೀಗೆ ಕಟಕಟೆಗೆ ನಿಲ್ಲಿಸಿದ್ದು ನಾನಂತೂ ಕಂಡಿಲ್ಲ. ಇದು ಅನ್ಯಾಯ.

ಆ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ಮೊದಲು ಮಕ್ಕಳದು. ಲ್ಹಾಕ್ಪಾ ಮಗಳು ಅದನ್ನು ಕಾಲ್ನಡಿಗೆಯಲ್ಲೇ ಹೇಳಿದಳು ಎನಿಸುತ್ತದೆ ನನಗೆ. ಬೇಸ್ ಕ್ಯಾಂಪ್ ಇರುವುದು ಸುಮಾರು 5,364 ಮೀಟರ್ ಎತ್ತರದಲ್ಲಿ. ಉಸಿರಿಗೆ ದಕ್ಕುವ ಆಮ್ಲಜನಕ ಕರಾವಳಿಯಲ್ಲಿ ಸಿಗುವುದರ ಅರ್ಧದಷ್ಟು. ಗುಡಾರದ ಕೆಳಗೇ ಖುಂಬು ಹಿಮನದಿ. ರಾತ್ರಿ ಮಲಗಿದರೆ ಮಂಜುಗಡ್ಡೆ ಲಟಲಟ ಬಿರಿಯುವ ಸದ್ದು, ದೂರದಲ್ಲೆಲ್ಲೋ ಹಿಮ ಕುಸಿಯುವ ಗುಡುಗು. ಮಂಜು ಗಟ್ಟಿಯಾಗಿರುವ ಹೊತ್ತು ನೋಡಿ ಆರೋಹಿಗಳು ಕತ್ತಲಲ್ಲೇ ಹೊರಡುತ್ತಾರೆ. ಆಮೇಲೆ ಕೆಳಗಿದ್ದವರಿಗೆ ಉಳಿಯುವುದು ರೇಡಿಯೊದಲ್ಲಿ ತುಂಡುತುಂಡಾಗಿ ಕೇಳುವ ಮಾತು, ದಿನಗಟ್ಟಲೆ ಕಾಯುವ ಕೆಲಸ. ಹದಿಹರೆಯದ ಹುಡುಗಿಯೊಬ್ಬಳು ಅಲ್ಲಿ ಕೂತು ಅಮ್ಮನಿಗಾಗಿ ಕಾದಳೆಂದರೆ, ಅದಕ್ಕಿಂತ ದೊಡ್ಡ ಪ್ರೋತ್ಸಾಹ ಇನ್ನೇನಿದೆ? ಚಪ್ಪಾಳೆ ತಟ್ಟುವುದು ಸುಲಭ. ಅಮ್ಮನ ಆಸೆ ಅಪಾಯದ್ದೆಂದು ಗೊತ್ತಿದ್ದೂ ಅದು ಅಮ್ಮನದೇ ಎಂದು ಒಪ್ಪುವುದು ಕಷ್ಟ. ದೊಡ್ಡವರಿಗೇ ಅದು ಬರುವುದಿಲ್ಲ.

2022ರ ಮೇ 12ರಂದು ಲ್ಹಾಕ್ಪಾ ಹತ್ತನೇ ಸಲ ಎವರೆಸ್ಟ್ ತುದಿ ಮುಟ್ಟಿದರು. ಯಾವ ಮಹಿಳೆಯೂ ಅಷ್ಟು ಸಲ ಆ ಶಿಖರ ಏರಿರಲಿಲ್ಲ. ಮರುವರ್ಷ ಕೆ2 ಕೂಡ ಏರಿ ಬಂದರು.

ಲೂಸಿ ವಾಕರ್ ನಿರ್ದೇಶಿಸಿದ ‘ಮೌಂಟನ್ ಕ್ವೀನ್’ ಸಾಕ್ಷ್ಯಚಿತ್ರದಲ್ಲಿ ತಾಯಿ-ಮಕ್ಕಳ ಈ ಕಥೆಯಿದೆ. 2024ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಿದೆ. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಮುಗಿದ ಮೇಲೆ, ಅಮ್ಮನಿಗೆ ಏನು ಮಾಡಬೇಕೆಂಬ ಆಸೆಯಿದೆ ಎಂದು ಅವರೇ ಕೇಳಲಿ.