ಏರುವ ಬಾಡಿಗೆ, ಏರದ ಪೆನ್ಶನು

ಕೊಯಮುತ್ತೂರು, ತಿರುಪ್ಪೂರು ಕಡೆಯ ದೇವಾಂಗ ನೇಕಾರರ ಮನೆಮಾತು ಕನ್ನಡ. ಮಗ್ಗ ಬಿಟ್ಟು ಬನಿಯನ್ ಕಂಪೆನಿ ಸೇರಿದವರು ಅವರಲ್ಲಿಯೂ ಉಂಟು. ಅಲ್ಲಿ ದುಡಿದು ನಿವೃತ್ತರಾದವರಿಗೆ ಭವಿಷ್ಯನಿಧಿಯ ಕನಿಷ್ಠ ಪೆನ್ಶನು ತಿಂಗಳಿಗೆ 1000 ರೂಪಾಯಿ ಎಂದು ಗೊತ್ತಾದದ್ದು 2014ರ ಸೆಪ್ಟೆಂಬರಿನಲ್ಲಿ. ಅದಕ್ಕೆ ತುಟ್ಟಿಭತ್ಯೆಯಿಲ್ಲ. ಪಿ.ಎಫ್. ಹಿಡಿಯದ ಕಂಪೆನಿಯಲ್ಲಿದ್ದ ಬಡವರಿಗೆ ಸರಕಾರದ ವೃದ್ಧಾಪ್ಯ ವೇತನವೇ ಗತಿ. 2023ರಲ್ಲಿ ಅದು 1200 ಆಯಿತು.

ಬಾಡಿಗೆಯಾದರೋ ಏರುತ್ತಲೇ ಇರುವ ವಸ್ತು. ಹೊರಗಿನಿಂದ ಕೆಲಸಕ್ಕೆ ಬಂದ ಯುವಕರು ನಾಲ್ಕೈದು ಮಂದಿ ಸೇರಿ ಒಂದು ಕೋಣೆ ಹಿಡಿಯುತ್ತಾರೆ. ಒಂಟಿ ಮುದುಕಿ ಅವರೊಡನೆ ಪೈಪೋಟಿ ನಡೆಸಲಾದೀತೆ?

ತಮಿಳುನಾಡಿನ 1960ರ ಬಾಡಿಗೆ ನಿಯಂತ್ರಣ ಕಾಯಿದೆಯಡಿ ನ್ಯಾಯಬಾಡಿಗೆ ನಿಗದಿಪಡಿಸಲು ಅರ್ಜಿ ಹಾಕಬಹುದಿತ್ತು. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಂತೆ ಕರಾರಿನಲ್ಲಿ ಬರೆದದ್ದೇ ಬಾಡಿಗೆ. ಆ ಕರಾರಿಗೆ ರುಜು ಹಾಕುವಾಗಲೂ ಮುದುಕನ ಕೈಯಲ್ಲಿರುವುದು ಅದೇ ಸಾವಿರ.