ಅಣೆಕಟ್ಟು ಕಾಣದ ಲುವಾಂಗ್ವಾ ಹೊಳೆ

ಆಫ್ರಿಕಾ ಎಂದೊಡನೆ ನಮ್ಮವರಿಗೆ ನೆನಪಾಗುವ ಹೊಳೆಗಳು ನೈಲ್, ಕಾಂಗೋ, ಹೆಚ್ಚೆಂದರೆ ಜಾಂಬೆಸಿ. ಆ ಜಾಂಬೆಸಿಗೆ ಉತ್ತರದಿಂದ ಬಂದು ಸೇರುವ ಲುವಾಂಗ್ವಾದ ಹೆಸರನ್ನು ಕೇಳಿದವರು ಕಡಿಮೆ. ಜಾಂಬಿಯಾ ದೇಶದ ಈಶಾನ್ಯ ಮೂಲೆಯ ಮಫಿಂಗಾ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 770 ಕಿ.ಮೀ. ಹರಿಯುವ ಈ ಹೊಳೆಗೆ ಅಡ್ಡಲಾಗಿ ಇಂದಿಗೂ ಒಂದೇ ಒಂದು ಅಣೆಕಟ್ಟಿಲ್ಲ. 2023ರ ಅಕ್ಟೋಬರ್ ತಿಂಗಳಲ್ಲಿ ನಾವು ನಾಲ್ವರು ಅಲ್ಲಿಗೆ ಹೋಗಿ ಆರು ದಿನ ಇದ್ದು ಬಂದೆವು.

ರಾಜಧಾನಿ ಲುಸಾಕದಿಂದ ಪೂರ್ವಕ್ಕೆ ಚಿಪಾಟಾ ಪೇಟೆಯವರೆಗೆ ಬಸ್ ಪ್ರಯಾಣ. ನಡುದಾರಿಯಲ್ಲಿ ಲುವಾಂಗ್ವಾ ಸೇತುವೆ, ಅದರ ಪಕ್ಕದಲ್ಲೇ ಒಣಮೀನಿನ ಸಂತೆ. ಆ ವಾಸನೆಗೆ ನಮಗೆ ನಮ್ಮ ಕಡಪ್ಪುರದ ನೆನಪಾದುದರಲ್ಲಿ ಆಶ್ಚರ್ಯವಿಲ್ಲ. ಚಿಪಾಟಾದ ಅಂಗಡಿಬೀದಿಯಲ್ಲಿ ಗುಜರಾತಿ ಮೂಲದ ವ್ಯಾಪಾರಿಗಳು ತಲೆಮಾರುಗಳಿಂದ ನೆಲೆಸಿದ್ದಾರೆ. ಅಲ್ಲಿಂದ ಕಣಿವೆಗಿಳಿದು ಎಂಫುವೆ ಎಂಬ ಊರಿಗೆ ಬಂದರೆ ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನದ ಬಾಗಿಲು. ವಿಸ್ತೀರ್ಣ 9,050 ಚದರ ಕಿ.ಮೀ. ದಂಡೆಯ ಮೇಲೆ ಒಂದು ಅಗ್ಗದ ಶಿಬಿರದಲ್ಲಿ ನಾವು ಡೇರೆ ಹಾಕಿದೆವು. ಒಳಗಿನ ಒಳ್ಳೆಯ ಶಿಬಿರಗಳಿಗೆ ಒಂದು ರಾತ್ರಿಗೆ ನೂರಾರು ಡಾಲರು. ನಮ್ಮಂಥವರು ಅತ್ತ ಕಣ್ಣು ಹಾಯಿಸುವಂತಿಲ್ಲ.

ಅಕ್ಟೋಬರ್ ಅಲ್ಲಿ ಕಡುಬೇಸಗೆಯ ಕೊನೆ. ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ದಾಟುತ್ತದೆ. ಕಾಡಿನ ಒಳಗಿನ ಕೆರೆಕುಂಟೆಗಳೆಲ್ಲ ಬತ್ತಿ, ಪ್ರಾಣಿಗಳಿಗೆ ಹೊಳೆಯೊಂದೇ ಗತಿ. ಹೊಳೆಯೂ ಬಡಕಲಾಗಿ ಮರಳಿನ ನಡುವೆ ಅಲ್ಲಲ್ಲಿ ಗುಂಡಿಯಾಗಿ ನಿಂತಿರುತ್ತದೆ. ಆ ಗುಂಡಿಗಳಲ್ಲಿ ನೀರಾನೆಗಳು ಒಂದರ ಮೈಗೊಂದು ಒತ್ತಿಕೊಂಡು ಮಲಗಿರುತ್ತವೆ. ದೂರದಿಂದ ನೋಡಿದರೆ ಹೊಳೆಯಲ್ಲಿ ಬಂಡೆ ಹರವಿದಂತೆ. ಬಿಸಿಲು ಅವುಗಳ ಚರ್ಮಕ್ಕೆ ಆಗದು. ಆದ್ದರಿಂದ ಹಗಲೆಲ್ಲ ನೀರು, ರಾತ್ರಿಯಾದೊಡನೆ ದಂಡೆ ಹತ್ತಿ ಹುಲ್ಲು ಮೇಯುವುದು. ಒಂದು ರಾತ್ರಿಗೆ ಒಂದು ನೀರಾನೆ ಸುಮಾರು 40 ಕಿಲೋ ಹುಲ್ಲು ತಿನ್ನುತ್ತದಂತೆ. ನಮ್ಮ ಡೇರೆಯ ಬದಿಯಲ್ಲೇ ಪರಪರನೆ ಹುಲ್ಲು ಕೀಳುವ ಸದ್ದು ಕೇಳಿದಾಗ ಹೊರಗೆ ಇಣುಕುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ.

ಬೆಳಗ್ಗೆ ಆರು ಗಂಟೆಗೆ ಕಾಲ್ನಡಿಗೆ. ಮುಂದೆ ಬಂದೂಕು ಹಿಡಿದ ಅರಣ್ಯ ಕಾವಲುಗಾರ, ಹಿಂದೆ ಮಾರ್ಗದರ್ಶಿ, ಕೊನೆಯಲ್ಲಿ ಚಹಾದ ಸಾಮಾನು ಹೊತ್ತವರು. ಸಾಲು ಮುರಿಯುವಂತಿಲ್ಲ, ಮಾತಾಡುವಂತಿಲ್ಲ, ಏನೇ ಎದುರಾದರೂ ಓಡುವಂತಿಲ್ಲ. ಮಳೆಗಾಲದ ಕೆಸರಿನಲ್ಲಿ ಊರಿದ ಆನೆಹೆಜ್ಜೆಗಳು ಒಣಗಿ ಕಲ್ಲಾಗಿವೆ. ನೋಡಿ ಕಾಲಿಡದಿದ್ದರೆ ಪಾದ ಉಳುಕುವುದು ಖಂಡಿತ. ಈ ಕಣಿವೆಯ ಹೊರಗೆಲ್ಲೂ ಕಾಣಸಿಗದ ಥಾರ್ನಿಕ್ರಾಫ್ಟ್ ಜಿರಾಫೆ ನಮ್ಮನ್ನು ಬಹಳ ಹೊತ್ತು ದಿಟ್ಟಿಸಿ ನೋಡಿತು. ಸಿಂಹವನ್ನೂ ಚಿರತೆಯನ್ನೂ ಜೀಪಿನಿಂದಲೇ ಕಂಡೆವು. ಅವುಗಳ ವಿಚಾರ ಎಲ್ಲರೂ ಬರೆಯುತ್ತಾರೆ.

ನಮಗೆ ಮರೆಯಲಾಗದ್ದು ಒಂದು ಮಣ್ಣಿನ ಗೋಡೆ. ಹೊಳೆ ತಿರುಗುವಲ್ಲಿ ಹೊರದಂಡೆ ನೆಟ್ಟಗೆ ಕಡಿದು ನಿಂತಿದೆ. ಅದರ ತುಂಬ ಸಾವಿರಾರು ತೂತು, ತೂತಿಗೊಂದು ಕೆಂಪು ಹಕ್ಕಿ. ಇದು ನಮ್ಮಲ್ಲಿ ವಿದ್ಯುತ್ ತಂತಿಯ ಮೇಲೆ ಕೂರುವ ಹಸಿರು ಕಳ್ಳಿಪೀರದ ಬಳಗವೇ, ಆದರೆ ಮೈಯೆಲ್ಲ ಕಡುಗೆಂಪು. ಆಗಸ್ಟ್ ಕೊನೆಯ ಹೊತ್ತಿಗೆ ಬಂದು, ದಂಡೆಯಲ್ಲಿ ಕೈಯುದ್ದದ ಸುರಂಗ ಕೊರೆದು ಮೊಟ್ಟೆಯಿಟ್ಟು, ಮಳೆಗಾಲ ಬಲಿಯುವ ಮೊದಲು ಹೊರಟುಹೋಗುತ್ತವೆ. ಪ್ರತಿ ವರ್ಷದ ನೆರೆ ಹಳೆಯ ಗೂಡುಗಳ ಮಣ್ಣನ್ನು ಕೊಚ್ಚಿ ಹೊಸ ಗೋಡೆ ಕಡಿದು ಕೊಡುತ್ತದೆ. ಲುವಾಂಗ್ವಾ ತನ್ನ ಪಾತ್ರವನ್ನೇ ಬದಲಿಸುತ್ತ ಹೋಗುತ್ತದೆ. ಬಿಟ್ಟುಹೋದ ಪಾತ್ರವು ಬಿಲ್ಲಿನಂತೆ ಬಾಗಿದ ಕೆರೆಯಾಗಿ ನಿಂತು ಮೀನು, ಮೊಸಳೆ, ಕೊಕ್ಕರೆಗಳಿಗೆ ಆಸರೆಯಾಗುತ್ತದೆ. ದಂಡೆಯ ದೊಡ್ಡ ದೊಡ್ಡ ಮರಗಳು ಬುಡ ಸಹಿತ ಹೊಳೆಗೆ ಉರುಳುತ್ತವೆ. ಕಾಡಿನೊಳಗಿನ ಹುಲ್ಲುಶಿಬಿರಗಳನ್ನು ಹಲವರು ನವೆಂಬರಿನಲ್ಲಿ ಬಿಚ್ಚಿ, ನೆರೆ ಇಳಿದ ಮೇಲೆ ಮತ್ತೆ ಕಟ್ಟುತ್ತಾರೆ.

ಇಷ್ಟೆಲ್ಲ ಉಳಿದುಬಂದದ್ದು ತಾನಾಗಿ ಅಲ್ಲ. ದೇಶ ಇನ್ನೂ ಬ್ರಿಟಿಷರ ಕೈಯಲ್ಲಿದ್ದ 1950ರಲ್ಲಿ ನಾರ್ಮನ್ ಕಾರ್ ಎಂಬ ವನ್ಯಜೀವಿ ಅಧಿಕಾರಿ ಇಲ್ಲಿನ ಕುಂಡಾ ಜನರ ಮುಖ್ಯಸ್ಥ ನ್ಸೆಫು ಅವರಲ್ಲಿ ಒಂದು ಸಲಹೆ ಇಟ್ಟರು. ಬೇಟೆಗಲ್ಲ, ಬರಿಯ ನೋಡುವುದಕ್ಕೆ ಬರುವವರಿಗೆ ದುಂಡು ಗುಡಿಸಲು ಕಟ್ಟಿಕೊಡುವುದು. ಬಂದ ಹಣ ಊರಿಗೆ. ಪ್ರಾಣಿ ಸರಕಾರದ್ದು, ಹಾನಿ ಮಾತ್ರ ಬಡವನದ್ದು ಎಂಬ ಕಾಲದಲ್ಲಿ ಇದು ದೊಡ್ಡ ಮಾತು. ಹಾಗಿದ್ದೂ 1970 ಮತ್ತು 80ರ ದಶಕಗಳಲ್ಲಿ ಕಳ್ಳಬೇಟೆಗಾರರು ಕಣಿವೆಯನ್ನು ಸೂರೆ ಮಾಡಿದರು. ಸಾವಿರಾರು ಸಂಖ್ಯೆಯಲ್ಲಿದ್ದ ಕಪ್ಪು ಘೇಂಡಾಮೃಗ ಪೂರ್ತಿ ನಿರ್ನಾಮವಾಯಿತು. 1998ರಲ್ಲಿ ಜಾಂಬಿಯಾದಲ್ಲಿ ಅದು ಅಳಿದಿದೆ ಎಂದು ಸಾರಿದರು. 2003ರಲ್ಲಿ ದಕ್ಷಿಣ ಆಫ್ರಿಕಾದಿಂದ ಐದನ್ನು ತಂದು ಉತ್ತರ ಲುವಾಂಗ್ವಾ ಉದ್ಯಾನದಲ್ಲಿ ಬಿಟ್ಟು ಸಂತತಿ ಬೆಳೆಸುತ್ತಿದ್ದಾರೆ.

ಆನೆಯ ಕತೆ ಬೇರೆ. ಉದ್ಯಾನಕ್ಕೆ ಬೇಲಿಯಿಲ್ಲ. ಬೇಸಗೆಯಲ್ಲಿ ಹೊಳೆ ದಾಟಿದರೆ ಎದುರಿಗೇ ಹಳ್ಳಿ. ಮುಳಿಯಾರು, ಕಾರಡ್ಕ ಕಡೆಯ ನಮ್ಮ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ತೆಂಗು ಕಂಗಿನ ಬದಲು ಮೆಕ್ಕೆಜೋಳ, ಅಷ್ಟೇ ವ್ಯತ್ಯಾಸ. ಮೆಕ್ಕೆಜೋಳದ ಹಿಟ್ಟಿನ 'ನ್ಸಿಮಾ' ಎಂಬ ಮುದ್ದೆಯೇ ಮೂರು ಹೊತ್ತಿನ ಊಟ. ತೆನೆ ಬಲಿತಾಗ ಗದ್ದೆಗೆ ನುಗ್ಗುವ ಆನೆ, ಕೊಯ್ಲಾದ ಮೇಲೆ ಹುಲ್ಲಿನ ಕಣಜವನ್ನೇ ಒಡೆಯುತ್ತದೆ. ಒಣಮೆಣಸನ್ನು ಲದ್ದಿಯಲ್ಲಿ ಕಲಸಿ ಬೆರಣಿ ತಟ್ಟಿ ಗದ್ದೆಯ ಬದಿಯಲ್ಲಿ ಹೊಗೆ ಹಾಕುತ್ತಾರೆ. ಮೆಣಸಿನ ಪುಡಿ, ಹಳೆಯ ಇಂಜಿನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಹಗ್ಗಕ್ಕೆ ಕಟ್ಟುತ್ತಾರೆ. ಆನೆಗೆ ಒಡೆಯಲಾಗದ ಗಟ್ಟಿ ಕಣಜಗಳನ್ನೂ ಕೆಲವೆಡೆ ಕಟ್ಟಿಕೊಟ್ಟಿದ್ದಾರೆ. ಒಂದು ಹಳ್ಳಿಯಲ್ಲಿ ನಾವು ಅಂಥ ಕಣಜ ನೋಡಿದೆವು. ಅದರ ಪಕ್ಕದ ಹಳೆಯ ಕಣಜ ಅರ್ಧ ಕುಸಿದು ಹಾಗೆಯೇ ಬಿದ್ದಿತ್ತು.

ಈ ಹೊಳೆಗೂ ಅಣೆಕಟ್ಟು ಬರುವುದರಲ್ಲಿತ್ತು. ಕೆಳಭಾಗದ ಎನ್‌ಡೇವು ಕಮರಿಯಲ್ಲಿ ವಿದ್ಯುತ್ತಿಗಾಗಿ ಕಟ್ಟೆ ಕಟ್ಟುವ ಯೋಜನೆಯನ್ನು, ಸುಮಾರು ಎರಡು ಲಕ್ಷ ಮಂದಿ ಸಹಿ ಹಾಕಿ ವಿರೋಧಿಸಿದ ಮೇಲೆ, 2019ರಲ್ಲಿ ಸರಕಾರ ನಿಲ್ಲಿಸಿತು. ಕೆಂಪು ಹಕ್ಕಿಯ ಗೋಡೆಯನ್ನು ಕಣ್ಣಾರೆ ಕಂಡ ನಮಗೆ ಇದು ಸರಿಯೆನಿಸುತ್ತದೆ. ಆದರೆ ಸರಿಯೆನ್ನುವ ನಾವು ಸ್ವಿಚ್ಚು ಒತ್ತಿದರೆ ದೀಪ ಉರಿಯುವ ಮನೆಯವರು. ಜಾಂಬಿಯಾದ ಬಹುಪಾಲು ವಿದ್ಯುತ್ತು ಬರುವುದು ನೀರಿನಿಂದಲೇ. ನಾವು ಹೋಗಿಬಂದ ಮರುವರ್ಷ, 2024ರಲ್ಲಿ, ಭೀಕರ ಬರ ಬಂದು ಜಾಂಬೆಸಿಯ ಕರೀಬಾ ಜಲಾಶಯ ತಳ ಮುಟ್ಟಿತು. ಪೇಟೆಗಳಲ್ಲಿ ಕೂಡ ದಿನದ ಬಹುಭಾಗ ಕತ್ತಲೆ. ಹಳ್ಳಿಗಳಲ್ಲಂತೂ ತಂತಿ ಎಳೆಯದ ಮನೆಗಳೇ ಹೆಚ್ಚು. ನಮಗೆ ಅಡುಗೆ ಮಾಡಿ ಬಡಿಸಿದ ಶಿಬಿರದ ಕೆಲಸಗಾರರ ಮನೆಯಲ್ಲಿ ಇದ್ದುದು ಒಂದೇ ಸೌರದೀಪ. ಮಕ್ಕಳು ಅದರ ಬೆಳಕಿನಲ್ಲಿ ಓದುತ್ತಾರೆ. ಆನೆ ಬಂದ ರಾತ್ರಿ ದೊಡ್ಡವರು ಅದನ್ನೇ ಎತ್ತಿಕೊಂಡು ಗದ್ದೆಗೆ ಓಡುತ್ತಾರೆ.